ಬೋರಲು ಹಣತೆ

"ಸಾಕು ಮೇಲೆ ಬನ್ನಿ ಮೇಡಂ. ಹಾವು ಗೀವು ಇದ್ರೆ ಸಾಹೇಬ್ರಿಗೆ ನಾನೇನು ಹೇಳ್ಲಿ?"

ಹೆಡ್ ಕಾನ್‌ಸ್ಟೆಬಲ್ ಧರ್ಮೇಂದ್ರ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಇಣುಕುತ್ತಿದ್ದ. ಸಬ್ ಇನ್‌ಸ್ಪೆಕ್ಟರ್ ತನುಜಾ ತಲೆ ಎತ್ತಲಿಲ್ಲ. ಆಳೆತ್ತರದ ಕಲ್ಲಿನ ಕೋಣೆಯ ತಳದಲ್ಲಿ ಮಂಡಿಯೂರಿ, ಗಾರೆ ಕೆಲಸದ ಕರಣೆಯಿಂದ ಮಣ್ಣನ್ನು ತೆಳುವಾಗಿ ಕೆರೆದು ಬದಿಗೆ ಸರಿಸುತ್ತಿದ್ದಳು.

ಸುತ್ತ ನಾಲ್ಕು ಚಪ್ಪಡಿಗಳು. ಮೇಲಿನ ಮುಚ್ಚುಗಲ್ಲು ಪಕ್ಕಕ್ಕೆ ಜಾರಿಸಿದಂತೆ ಬಿದ್ದಿತ್ತು. ಊರವರು ಈ ದಿಬ್ಬವನ್ನು ಮೋರಿಯರ ದಿಣ್ಣೆ ಎನ್ನುತ್ತಾರೆ. ಮೂರು ಗೇಣುದ್ದದ ಕುಳ್ಳರು ಇಲ್ಲಿ ಸಂಸಾರ ಮಾಡಿಕೊಂಡಿದ್ದರಂತೆ. ಕುಳ್ಳರೂ ಇಲ್ಲ, ಸಂಸಾರವೂ ಇಲ್ಲ. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಸತ್ತವರಿಗೆ ಬದುಕಿದ್ದವರು ಕಟ್ಟಿದ ಮನೆ ಇದು.

ಹೋದ ವಾರ ಆ ಮನೆಯನ್ನು ಯಾರೋ ದೋಚಿದ್ದರು, ಜಮೀನಿನ ಯಜಮಾನ ಷಡಕ್ಷರಪ್ಪ ನಿಧಿಗಳ್ಳನೆಂದು ಜೈಲಿನಲ್ಲಿದ್ದ, ಇವತ್ತು ಮಧ್ಯಾಹ್ನ ಭದ್ರಾವತಿ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ.

ಅವನನ್ನು ಹಿಡಿದವಳು ತನುಜಾ. ಗುಂಡಿಯಲ್ಲಿ ಅವನದೇ ಹಾರೆ ಸಿಕ್ಕಿತ್ತು. ಹೆಚ್ಚಿದ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ ಸಿಕ್ಕಿದ್ದವು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಅವನ ಹೆಂಡತಿ ಬಸವರಾಜೇಶ್ವರಿ ಠಾಣೆಯ ಮೆಟ್ಟಿಲ ಮೇಲೆ ಕೂತು ಅಂದ ಮಾತು ಕಿವಿಯಲ್ಲಿಯೇ ಉಳಿದಿತ್ತು. "ನಾವೂ ಸತ್ತೋರನ್ನ ಕೂರಿಸಿ ಮಣ್ಣು ಕೊಡೋ ಜನ ಕಣಮ್ಮ. ಇನ್ನೊಬ್ಬರ ಗದ್ದುಗೆ ಬಗೀತೀವಾ?"

ಇನ್ನೊಂದು ಸಂಗತಿಯೂ ಕಾಡುತ್ತಿತ್ತು. ನಿಧಿಗಳ್ಳರು ಅಗೆಯುತ್ತಾರೆ, ಓಡುತ್ತಾರೆ. ಗುಂಡಿ ಮುಚ್ಚುತ್ತಾ ಕೂರುವುದಿಲ್ಲ. ಇಲ್ಲಿ ಅರ್ಧಕ್ಕೂ ಹೆಚ್ಚು ಮಣ್ಣು ವಾಪಸು ತುಂಬಿತ್ತು. ಅದೂ ಜರಡಿ ಹಿಡಿದ ಮಣ್ಣು. ಒಂದು ಹರಳು ಇಲ್ಲ, ಬೇರಿನ ಚೂರಿಲ್ಲ. ನಿನ್ನೆ ಇಬ್ಬರು ಕೂಲಿಯವರಿಂದ ಅದರ ಬಹುಪಾಲು ತೆಗೆಸಿದ್ದಳು. ಉಳಿದ ಮೊಳದಷ್ಟನ್ನು ಬೆಳಗಿನಿಂದ ತಾನೇ ತೆಗೆಯುತ್ತಿದ್ದಳು. ಈಗ ಪಶ್ಚಿಮದ ಚಪ್ಪಡಿ ಪೂರ್ತಿ ಹೊರಬಂದಿತ್ತು. ಅದರ ಬುಡದಲ್ಲಿ ತಲೆ ತೂರುವಷ್ಟು ದೊಡ್ಡ ದುಂಡನೆಯ ಕಂಡಿ ಇತ್ತು.

ಕರಣೆಗೆ ಏನೋ ತಾಗಿತು.

ಬೆರಳಿನಿಂದ ಮಣ್ಣು ಬಿಡಿಸಿದಳು. ಮಣ್ಣಿನ ಹಣತೆ. ಕೋಣೆಯ ನಟ್ಟನಡುವೆ, ಗಟ್ಟಿ ನೆಲದ ಮೇಲೆ, ಬೋರಲು ಹಾಕಿದ್ದರು.

"ನೋಡಿ, ದೀಪ ಹಚ್ಚಿ ಪೂಜೆ ಮಾಡಿದಾರೆ," ಎಂದ ಧರ್ಮೇಂದ್ರ. "ಕಳ್ಳನಾದ್ರೂ ಭಕ್ತಿ ಇದೆ. ನಮ್ಮನೇಲಿ ನಾನು ಹಬ್ಬಕ್ಕೂ ಹಚ್ಚಲ್ಲ ಅಂತ ಬೈಸ್ಕೊಳ್ತೀನಿ."

"ಹಚ್ಚಿಲ್ಲ ರೀ. ಬತ್ತಿ ಸುಟ್ಟ ಕಪ್ಪಿಲ್ಲ, ಎಣ್ಣೆ ಜಿಡ್ಡಿಲ್ಲ. ಪಂಚರು ಎಲ್ಲಿ?"

"ಹೇಳಿ ಕಳ್ಸಿದೀನಿ ಮೇಡಂ. ಶುಂಠಿ ಕೀಳ್ತಿದಾರಂತೆ, ಮುಗಿಸ್ಕೊಂಡು ಬರ್ತಾರೆ."

ಸಾಕ್ಷಿಗೆ ನಿಲ್ಲುವ ಪಂಚರು ಬರುವವರೆಗೆ ಕಾಯಬೇಕಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಣತೆಯನ್ನು ಕಂಡ ಕ್ಷಣವೇ ಅದರ ಕೆಳಗೇನಿದೆ ಎಂಬುದೂ ಅವಳಿಗೆ ಗೊತ್ತಾಗಿತ್ತು. ತನ್ನ ಊಹೆ ತಪ್ಪಾಗಿರಲಿ ಎಂದುಕೊಳ್ಳುತ್ತ ಮೊಬೈಲಿನಲ್ಲಿ ಫೋಟೊ ತೆಗೆದಳು. ಕೈ ತಡೆಯಲಿಲ್ಲ. ಹಣತೆಯನ್ನು ಮೆಲ್ಲನೆ ಎತ್ತಿದಳು.

ಒಂದು ರೂಪಾಯಿಯ ನಾಣ್ಯ. ಹೊಚ್ಚಹೊಸದು, ಈ ವರ್ಷದ್ದೇ.

ಅವಳ ಊಹೆ ತಪ್ಪಾಗಿರಲಿಲ್ಲ.

"ಯಾರ ಜೇಬಿಂದಲೋ ಬಿದ್ದಿರುತ್ತೆ ಬಿಡಿ," ಎಂದ ಧರ್ಮೇಂದ್ರ.

"ಜೇಬಿಂದ ಬಿದ್ದ ನಾಣ್ಯ ಹಣತೆ ಮುಚ್ಕೊಂಡು ಮಲಗುತ್ತಾ?" ಇನ್ನೊಂದು ಫೋಟೊ ತೆಗೆದು ನಾಣ್ಯ, ಹಣತೆ ಎರಡನ್ನೂ ಕಾಗದದ ಕವರಿಗೆ ಹಾಕಿ ಮೇಲೆ ಚಾಚಿದಳು. "ಜೋಪಾನ. ಪಂಚರಿಲ್ಲದೆ ಎತ್ತಿಬಿಟ್ಟೆ, ತಪ್ಪು ಮಾಡ್ದೆ. ನೋಡಿದೋರು ನೀವೊಬ್ರೇ."

"ನಾನಿದೀನಲ್ಲ, ಯಾಕೆ ಹೆದರ್ತೀರಿ?" ಅವನು ಕವರನ್ನು ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದ. "ಈಗ ಎಲ್ಲಿಗೆ?"

"ವಿದ್ಯಾನಗರಕ್ಕೆ. ಉಮಾಮಹೇಶ್ವರ ಸರ್ ಮನೆಗೆ."

ಧರ್ಮೇಂದ್ರನ ಮುಖದಲ್ಲಿ ಏನೋ ಹಾದುಹೋಯಿತು. ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡಳು.

*

ಜೀಪು ಭದ್ರಾವತಿ ದಾಟಿ ಶಿವಮೊಗ್ಗದ ಕಡೆ ಓಡುತ್ತಿತ್ತು. ಬ್ಯಾಗ್ ಇಡಲು ಹಿಂದಕ್ಕೆ ತಿರುಗಿದ ತನುಜಾಳಿಗೆ ಸೀಟಿನಡಿ ಚೆಲ್ಲಿದ್ದ ಬತ್ತದ ಹುಲ್ಲು ಕಂಡಿತು.

"ಏನ್ರೀ ಇದು, ಸರ್ಕಾರಿ ಜೀಪಲ್ಲಿ ಹುಲ್ಲು?"

"ಮನೇಲಿ ಹಸು ಕರು ಹಾಕಿದೆ ಮೇಡಂ. ಬರ್ತಾ ಎರಡು ಹೊರೆ ತಂದು ಹಾಕ್ದೆ."

"ಅದಕ್ಕೇನಾ ಬೆಳಗ್ಗೆ ಅಷ್ಟು ಲೇಟು?"

"ಬಾಣಂತಿ ಅಲ್ವಾ, ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅವಳು ನಕ್ಕಳು. ನಕ್ಕದ್ದು ಅಷ್ಟೇ. ಸೋಗಾನೆಯ ಕಡೆಗೆ ಇಳಿಯುತ್ತಿದ್ದ ವಿಮಾನದ ನೆರಳು ರಸ್ತೆಯ ಮೇಲೆ ಹರಿದುಹೋದಾಗ ಅವಳ ಮನಸ್ಸು ಬಹಳ ಹಿಂದಿನ ಒಂದು ಶಿಬಿರದಲ್ಲಿತ್ತು.

ಆಗ ಅವಳು ಕಾನ್‌ಸ್ಟೆಬಲ್. ಹಗಲು ಬಂದೋಬಸ್ತು, ಸಂಜೆ ಕಾಲೇಜು. ಸಮವಸ್ತ್ರದಲ್ಲಿಯೇ ತರಗತಿಯ ಕೊನೆಯ ಬೆಂಚಿಗೆ ಬಂದು ಕೂರುತ್ತಿದ್ದ ಅವಳನ್ನು ಮುಂದಿನ ಬೆಂಚಿಗೆ ಕರೆಸಿಕೊಂಡವರು ಇತಿಹಾಸದ ಮೇಷ್ಟ್ರು ಉಮಾಮಹೇಶ್ವರ. ಕೊನೆಯ ಬಸ್ ತಪ್ಪಿದ ದಿನ ಅವರ ಮನೆಯಲ್ಲಿಯೇ ಊಟ, ಅಲ್ಲಿಯೇ ನಿದ್ದೆ. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಕೂರುವ ಧೈರ್ಯ ಬಂದದ್ದೂ ಅವರಿಂದಲೇ.

ಆ ಶಿಬಿರದಲ್ಲಿ ಅವರು ಒಂದು ಸಮಾಧಿಯನ್ನು ಉತ್ಖನನ ಮಾಡಿ, ಮುಚ್ಚುವ ಮುನ್ನ ತಳಕ್ಕಿಳಿದು ಆ ವರ್ಷದ ನಾಣ್ಯವೊಂದನ್ನು ನೆಲದ ಮೇಲಿಟ್ಟಿದ್ದರು. "ಮುಂದೆ ಯಾರಾದರೂ ಇಲ್ಲಿ ಅಗೆದರೆ ಇಲ್ಲೀತನಕ ಒಬ್ಬ ಬಂದುಹೋಗಿದ್ದಾನೆ, ಇಂಥ ವರ್ಷ ಬಂದಿದ್ದ ಅಂತ ಅವರಿಗೆ ತಿಳೀಬೇಕು. ಹೇಳದೆ ಮುಚ್ಚೋದು ಸುಳ್ಳು ಹೇಳಿದ ಹಾಗೆ." ನಾಣ್ಯ ಇಡುವುದು ಅಗೆತದ ಕಸುಬಿನ ಎಷ್ಟೋ ಜನರ ಪದ್ಧತಿ. ಅದರ ಮೇಲೆ ಹಣತೆ ಬೋರಲು ಹಾಕುವುದು ಮಾತ್ರ ಅವರೊಬ್ಬರದೇ. ಸತ್ತವರ ಮನೆಯಲ್ಲಿ ದೀಪ ಹಚ್ಚಬಾರದು, ಮುಚ್ಚಿಡಬೇಕು ಎಂದು ನಗುತ್ತಿದ್ದರು.

ಜೀಪು ನಿಂತಿತು. ನಂದಿಬಟ್ಟಲು ಗಿಡದ ಪಕ್ಕದ ಗೇಟು. "ನಾನಿಲ್ಲೇ ಇರ್ತೀನಿ ಮೇಡಂ, ನೆರಳಿದೆ," ಎಂದ ಧರ್ಮೇಂದ್ರ.

*

"ತನು, ಮಂಡಿ ತುಂಬಾ ಮಣ್ಣು ಮೆತ್ಕೊಂಡು ಬಂದಿದೀಯಲ್ಲೇ ಮಾರಾಯ್ತಿ." ಉಮಾಮಹೇಶ್ವರರ ಹೆಂಡತಿ ಸುಬ್ಬಲಕ್ಷ್ಮಿ ಬಾಗಿಲಲ್ಲೇ ಅವಳ ಕೈ ಹಿಡಿದರು. "ಬೆಳಗ್ಗೆಯಿಂದ ನಿಮ್ಮದೇ ಓಡಾಟ ಇವತ್ತು. ಕೂತ್ಕೋ, ಕಾಫಿ ತರ್ತೀನಿ."

ಉಮಾಮಹೇಶ್ವರ ಬೆತ್ತದ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ನಿವೃತ್ತರಾದ ಮೇಲೆ ಇನ್ನಷ್ಟು ಸಣ್ಣಗಾಗಿದ್ದರು. ತನುಜಾ ಅವರ ಕೈಗೆ ಮೊಬೈಲ್ ಕೊಟ್ಟಳು.

ಅವರು ಫೋಟೊವನ್ನು ಬಹಳ ಹೊತ್ತು ನೋಡಿದರು.

"ಎಲ್ಲಿ ಸಿಕ್ತು?"

"ನೀವೇ ಹೇಳಿ ಸರ್."

"ಇದನ್ನ ಎಷ್ಟು ಬ್ಯಾಚಿಗೆ ಪಾಠ ಮಾಡಿಲ್ಲ ನಾನು? ಯಾವನೋ ಹಳೇ ವಿದ್ಯಾರ್ಥಿ ಮಾಡಿರ್ತಾನೆ. ನಿನಗೂ ಗೊತ್ತಲ್ಲ ಹಣತೆ ಕಥೆ."

ಈ ಮಾತು ನಿಜವಾಗಿರಲಿ ಎಂದು ಅವಳೂ ದಾರಿಯುದ್ದಕ್ಕೂ ಬಯಸಿದ್ದಳು. ಆದರೆ ಅದಕ್ಕೆ ಅಡ್ಡಿಯಾಗಿ ಇನ್ನೊಂದು ನೆನಪಿತ್ತು.

"ಹೋದ ವಾರ ನಿಮ್ಮನ್ನ ತಜ್ಞರು ಅಂತ ದಿಣ್ಣೆಗೆ ಕರೆಸಿದ್ದೆ. ಗುಂಡಿ ಅಂಚಲ್ಲಿ ನಿಂತು ಏನಂದ್ರಿ, ಜ್ಞಾಪಕ ಇದೆಯಾ?"

"ನಿಧಿಗಳ್ಳರ ಕೆಲಸ ಅಂದೆ."

"ಅದಕ್ಕೂ ಮೊದಲು. ಕಂಡಿ ಸಾಮಾನ್ಯವಾಗಿ ಪೂರ್ವದ ಚಪ್ಪಡೀಲಿ ಇರುತ್ತೆ, ಇದರದ್ದು ಪಶ್ಚಿಮಕ್ಕಿದೆ, ಅಪರೂಪ ಅಂದ್ರಿ. ನಾನು ಎಂದಿನ ಹಾಗೆ ತಲೆ ಆಡಿಸ್ದೆ." ಅವಳು ಮುಂದಕ್ಕೆ ಬಾಗಿದಳು. "ಸರ್, ಆ ಕಂಡಿ ಅವತ್ತು ಮಣ್ಣಿನೊಳಗಿತ್ತು. ಇವತ್ತು ಬೆಳಗ್ಗೆ ನಾನು ಕೆರೆದು ತೆಗೆಯೋ ತನಕ ಅದು ಯಾರಿಗೂ ಕಾಣೋ ಹಾಗಿರ್ಲಿಲ್ಲ."

ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದು, ಸುಬ್ಬಲಕ್ಷ್ಮಿಯವರು ಒಲೆ ಆರಿಸಿದ ಸದ್ದು. ಉಮಾಮಹೇಶ್ವರ ಮೊಬೈಲನ್ನು ಟೀಪಾಯಿಯ ಮೇಲೆ ಬೋರಲಾಗಿ ಇಟ್ಟರು.

"ಕಳ್ಳನಾಗಿ ಹೋದವನು ನಾಣ್ಯ ಇಡಬಾರದಿತ್ತು," ಎಂದರು. "ಇಡದೆ ಮೇಲೆ ಹತ್ತೋಕೆ ಕಾಲೇ ಬರ್ಲಿಲ್ಲ ತನುಜಾ."

ಅವಳ ಒಳಗೆಲ್ಲೋ ಒಂದು ಮುಚ್ಚುಗಲ್ಲು ಜಾರಿದಂತಾಯಿತು.

"ದಿಣ್ಣೆಗೆ ಕಲ್ಲು ಪುಡಿ ಮಾಡೋ ಕ್ರಷರ್ ಬರುತ್ತೆ ಅಂತ ಗೊತ್ತಲ್ಲ ನಿನಗೆ? ಅಲ್ಲಿ ಬರೀ ಬಂಡೆ, ಬೇರೇನಿಲ್ಲ ಅಂತ ಯಾರೋ ವರದಿ ಕೊಟ್ಟಾಯ್ತು. ನಾನು ಚಿಕ್ಕವನಿದ್ದಾಗ ಆ ದಿಣ್ಣೆ ತುಂಬಾ ಕಲ್ಲಿನ ವೃತ್ತ ಇದ್ವು. ಚಪ್ಪಡಿ ಒಂದೊಂದೇ ಕಾಲುವೆ ಸೇತುವೆಗೆ, ದನದ ಕೊಟ್ಟಿಗೆಗೆ ಹೋಯ್ತು. ಉಳಿದಿದ್ದು ಇದೊಂದೇ. ಸ್ಫೋಟಕ್ಕೆ ಹಾಳಾಗೋ ಬದಲು ಒಳಗಿದ್ದದ್ದನ್ನಾದ್ರೂ ಉಳಿಸೋಣ ಅಂತ ಇಳಿದೆ."

"ಅರ್ಜಿ ಹಾಕಬಹುದಿತ್ತು."

"ಮೂರು ಸಲ ಹಾಕಿದೀನಿ. ಷಡಕ್ಷರಪ್ಪಾನೂ ಆಕ್ಷೇಪಣೆ ಹಾಕಿದ. ಜಮೀನು ಕೊಡಲ್ಲ, ಇಲ್ಲಿ ಹಿರಿಯರ ಸಮಾಧಿ ಇದೆ ಅಂತ. ಏನಾಯ್ತು?" ಅವರ ದನಿ ಏರಿತು; ಹಳೆಯ ತರಗತಿಯ ದನಿ. "ಒಳಗೇನಿತ್ತು ಗೊತ್ತಾ? ಕಪ್ಪು-ಕೆಂಪು ಮಡಕೆಗಳು, ಕುಂಬಾರರ ಆವಿಗೆಯಲ್ಲಿ ಬೋರಲಿಟ್ಟು ಸುಟ್ಟವು. ಕಬ್ಬಿಣದ ಭರ್ಜಿ. ಮೂಳೆ ಇಷ್ಟೇ ಇಷ್ಟು, ಬೇರೆಲ್ಲೋ ಹೆಣ ಕರಗಿಹೋದಮೇಲೆ ಆರಿಸಿ ತಂದಿಟ್ಟ ಹಾಗೆ. ಅದರ ಪಕ್ಕ ಒಂದು ಕಲ್ಲಿನ ಕೊಡಲಿ."

"ಕಲ್ಲಿನದಾ?"

"ನುಣುಪಾಗಿ ಉಜ್ಜಿದ್ದು. ನವಶಿಲಾಯುಗದ್ದು. ಜನ ಎಲ್ಲಾನೂ ಸೇರಿಸಿ ಕಲ್ಲಿನ ಕಾಲ ಅಂದ್ಬಿಡ್ತಾರೆ. ಈ ಗೋರಿ ಕಟ್ಟಿದೋರ ಕೈಲಿ ಕಬ್ಬಿಣ ಇತ್ತು. ಕಲ್ಲಿನ ಕೊಡಲಿ ಅವರಿಗೇ ನೂರಾರು ವರ್ಷ ಹಳೇದು. ಅದನ್ನ ಯಾರೋ ಜೋಪಾನ ಮಾಡಿ, ತಲೆಮಾರಿಂದ ತಲೆಮಾರಿಗೆ ಕೊಟ್ಟು, ಕೊನೆಗೆ ಇವರ ಜೊತೆ ಮಲಗಿಸಿದಾರೆ. ಹೊರಗಿಂದ ಬಂದೋರಾ ಇವರು, ಇಲ್ಲೇ ಬೆಳೆ ಬೆಳೆದು ದನ ಸಾಕ್ಕೊಂಡಿದ್ದ ಆ ಹಳಬರ ಮಕ್ಕಳಾ? ಅವರ ಹೆಸರು ನಮಗೆ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಆ ಕೊಡಲಿ ಒಂದು ಮಾತು ಹೇಳ್ತಿತ್ತು ತನುಜಾ. ನನ್ನ ಜೀವಮಾನ ಪೂರ್ತಿ ಕಾದ ಮಾತು."

ಒಂದು ಗಳಿಗೆ ಅವಳೂ ಆ ಕೊನೆಯ ಬೆಂಚಿನ ಹುಡುಗಿಯಾದಳು. ಮರುಗಳಿಗೆ ಮೆಟ್ಟಿಲ ಮೇಲೆ ಕೂತ ಬಸವರಾಜೇಶ್ವರಿ ಕಂಡಳು.

"ಷಡಕ್ಷರಪ್ಪ ನಿಮ್ಮ ಪರ ನಿಂತವನು. ಅವನನ್ನ ಒಳಗೆ ಹಾಕಿಸಿದ್ರಲ್ಲ ಸರ್."

"ಹಾರೆ, ನಿಂಬೆಹಣ್ಣು ನಾನಿಟ್ಟಿದ್ದಲ್ಲ. ನಾನು ಮುಚ್ಚಿ ಬಂದಮೇಲೆ ಯಾರೋ ತಂದು ಹಾಕಿದಾರೆ. ಅವತ್ತು ನೀನು ಕರೆಸಿದಾಗ ಅದನ್ನ ನೋಡಿ ನಾನೇ ಬೆಚ್ಚಿಬಿದ್ದೆ."

"ಬೆಚ್ಚಿಬಿದ್ದು ನಿಧಿಗಳ್ಳರ ಕೆಲಸ ಅಂದ್ರಿ."

"ನಿಜ ಹೇಳಿದ್ರೆ ಎಲ್ಲಾನೂ ನಿಮ್ಮ ಠಾಣೆ ಗೋಡೌನಿಗೆ ಹೋಗ್ತಿತ್ತು. ಗೋಣಿಚೀಲದಲ್ಲಿ ತುಂಬ್ತಿದ್ರು. ಜಾಮೀನು ಸಿಗುತ್ತೆ ಅವನಿಗೆ, ಅಷ್ಟರೊಳಗೆ ನಾನು ಲೇಖನ ಮುಗಿಸಿ ಎಲ್ಲಾ ಮ್ಯೂಸಿಯಂಗೆ ಒಪ್ಪಿಸಿಬಿಡ್ತೀನಿ ಅಂತ..."

"ನೀವು ಅಂದಿದ್ದಕ್ಕೆ ನಾನು ಅವನನ್ನ ಹಿಡಿದು ಒಳಗೆ ಹಾಕ್ದೆ." ಅವಳ ದನಿ ಏರಲಿಲ್ಲ. "ಬೇರೆ ಯಾರಾದ್ರೂ ಅಂದಿದ್ರೆ ಎರಡನೇ ಸಲ ಯೋಚನೆ ಮಾಡ್ತಿದ್ದೆ. ನಾನು ಎಲ್ಲದಕ್ಕೂ ಎರಡು ಸಲ ಯೋಚನೆ ಮಾಡೋಳು, ನಿಮಗೆ ಗೊತ್ತು. ನಿಮ್ಮ ಮಾತಿಗೆ ಮಾತ್ರ ಮಾಡ್ತಿರ್ಲಿಲ್ಲ. ಅದೂ ನಿಮಗೆ ಗೊತ್ತಿತ್ತು."

ಅವರು ತಲೆ ತಗ್ಗಿಸಿದರು.

"ಮಧ್ಯಾಹ್ನ ಕೋರ್ಟಿಗೆ ಬರ್ತೀರಾ?"

ಅವರು ಕುರ್ಚಿಯಿಂದ ಎದ್ದರು. "ಬರ್ತೀನಿ. ಪೆಟ್ಟಿಗೆ ಸಮೇತ ಬರ್ತೀನಿ. ನೀನು ಒಂದು ಮಾತು ಕೊಡು. ಅವನ್ನ ಗೋಣೀಲಿ ತುಂಬಬಾರದು. ಬಾ, ಮೊದಲು ನಿನಗೇ ಕೊಡಲಿ ತೋರಿಸ್ತೀನಿ."

*

ಅವರು ಮಹಡಿಯ ಮೆಟ್ಟಿಲನ್ನು ಬೇಗಬೇಗ ಹತ್ತಿ ಕೋಣೆಯ ಬೀಗ ತೆಗೆದರು. ತಪ್ಪೊಪ್ಪಿಕೊಂಡವನ ನಡಿಗೆಯಲ್ಲ ಅದು. ಮೊಮ್ಮಗುವನ್ನು ತೋರಿಸಲು ಹೊರಟವನ ಆತುರದಂತಿತ್ತು. ಅದನ್ನು ಕಂಡು ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು.

ಬಾಗಿಲು ತೆರೆಯಿತು.

ಕೋಣೆ ಖಾಲಿಯಾಗಿತ್ತು.

ಪೆಟ್ಟಿಗೆಗಳನ್ನು ಎಳೆದಾಡಿದ ಗೀರು ನೆಲದ ಮೇಲಿತ್ತು. ಕಿಟಕಿಯ ಬಳಿ ಮಡಕೆಯ ಒಂದು ಓಡು ಬಿದ್ದಿತ್ತು. ಹೊರಗೆ ಕೆಂಪು, ಒಳಗೆ ಕಪ್ಪು. ಮಿಕ್ಕಂತೆ ನೆಲದ ತುಂಬ ಬತ್ತದ ಹುಲ್ಲು.

ಉಮಾಮಹೇಶ್ವರ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. "ನಿನ್ನೆ ಸಂಜೆ ಇತ್ತು," ಎಂದರು. "ಹುಲ್ಲು ಹಾಸಿ ನಾನೇ ಜೋಡಿಸಿದ್ದೆ. ಒಡೀಬಾರದು ಅಂತ."

ಹುಲ್ಲು. ತನುಜಾಳಿಗೆ ಜೀಪಿನ ಸೀಟಿನಡಿ ಕಂಡದ್ದು ನೆನಪಾಯಿತು.

ಮೆಟ್ಟಿಲ ಮೇಲೆ ಕಾಫಿ ಲೋಟಗಳ ಸದ್ದು. "ಇಲ್ಲಿಗೇ ಬಂದ್ರಾ?" ಸುಬ್ಬಲಕ್ಷ್ಮಿ ತಟ್ಟೆ ಹಿಡಿದು ನಿಂತರು. "ಏನಾದ್ರೂ ಬಿಟ್ಟುಹೋಗಿದ್ರೇನೇ ತನು? ಎಲ್ಲಾ ಪೆಟ್ಟಿಗೇನೂ ಕೊಟ್ಟೆನಲ್ಲ."

"ಯಾರಿಗೆ ಕೊಟ್ಟೆ?" ಉಮಾಮಹೇಶ್ವರ ಚೌಕಟ್ಟು ಬಿಟ್ಟು ತಿರುಗಿದರು.

"ನೀವು ವಾಕಿಂಗ್ ಹೋಗಿದ್ರಿ. ಇವಳ ಠಾಣೆಯವರು ಜೀಪು ತಂದಿದ್ರು. ತನುಜಾ ಮೇಡಂ ಕಳ್ಸಿದಾರೆ, ನಿಮ್ಮ ಯಜಮಾನ್ರಿಗೂ ಗೊತ್ತು ಅಂದ್ರು. ಮೇಲಿನ ಸಾಮಾನಿನ ಸುದ್ದಿ ಎತ್ತಬೇಡ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ನಾನೂ ಎತ್ತಲಿಲ್ಲ." ಅವರು ಇಬ್ಬರ ಮುಖವನ್ನೂ ನೋಡಿದರು. "ತನು ಹೆಸರು ಹೇಳಿದ್ರು ಅಂತ ಬೀಗದ ಕೈ ಕೊಟ್ಟೆ. ಬೇರೆ ಯಾರಾಗಿದ್ರೂ ಕೊಡ್ತಿರ್ಲಿಲ್ಲ. ಯಾಕೆ, ನೀನು ಕಳ್ಸಿರ್ಲಿಲ್ವಾ?"

ತನುಜಾ ಕಿಟಕಿಯ ಹತ್ತಿರ ಹೋದಳು.

ವಿದ್ಯಾನಗರಕ್ಕೆ, ಸರ್ ಮನೆಗೆ ಎಂದಷ್ಟೇ ಹೇಳಿದ್ದಳು. ಯಾವ ಅಡ್ಡರಸ್ತೆ, ಯಾವ ಮನೆ ಎಂದು ಹೇಳಿರಲಿಲ್ಲ. ಉಮಾಮಹೇಶ್ವರರು ದಿಣ್ಣೆಗೆ ತಮ್ಮ ಕಾರಿನಲ್ಲಿಯೇ ಬಂದುಹೋಗಿದ್ದರು. ಧರ್ಮೇಂದ್ರ ಈ ಗೇಟನ್ನು ಕಂಡಿರುವ ಸಂದರ್ಭವೇ ಇರಲಿಲ್ಲ. ಆದರೂ ಜೀಪು ಒಂದು ತಿರುವನ್ನೂ ತಪ್ಪದೆ ಬಂದು ನಿಂತಿತ್ತು.

ಹಾರೆ ಸಿಕ್ಕಿದ ದಿನ ಗುಂಡಿಗೆ ಮೊದಲು ಇಳಿದವನೂ ಅವನೇ. ಸರ್ ಅಗೆದದ್ದನ್ನು ಅವನು ಮೊದಲೇ ಕಂಡಿರಬೇಕು; ಷಡಕ್ಷರಪ್ಪ ಒಳಗಿದ್ದರೆ ಕ್ರಷರ್‌ಗೆ ಅಡ್ಡ ನಿಲ್ಲುವವರಿಲ್ಲ.

"ಸರ್," ಎಂದಳು, ತಿರುಗದೆ. "ಪೆಟ್ಟಿಗೆ ಇರ್ಲಿ ಬಿಡ್ಲಿ, ನೀವು ನನ್ನ ಜೊತೆ ಕೋರ್ಟಿಗೆ ಬರ್ಬೇಕು. ಈಗ ನಿಮ್ಮ ಬಾಯಿಮಾತು ಬಿಟ್ಟರೆ ಷಡಕ್ಷರಪ್ಪನಿಗೆ ಏನೂ ಇಲ್ಲ."

ತಿರುಗಿ ನೋಡಿದಳು. ಉಮಾಮಹೇಶ್ವರ ಆ ಒಂದೇ ಓಡನ್ನು ಎತ್ತಿಕೊಂಡು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು.

"ಏನು ತೋರಿಸಿ ಏನು ಹೇಳ್ಲಿ?" ಎಂದರು. "ಕೊಡಲಿ ಇಲ್ಲದಮೇಲೆ ನಾನು ಬರೀ ಕಳ್ಳ ಆಗ್ತೀನಿ ತನುಜಾ. ನಾನು ನಿನಗೆ ಏನೂ ಹೇಳಿಲ್ಲ. ನೀನು ಕಾಫಿ ಕುಡಿಯೋಕೆ ಬಂದಿದ್ದೆ."

ಸುಬ್ಬಲಕ್ಷ್ಮಿ ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಗಂಡನನ್ನು ಮೊದಲ ಸಲ ಕಾಣುವವರಂತೆ ನೋಡಿದರು.

ಕೆಳಗೆ ನಂದಿಬಟ್ಟಲಿನ ನೆರಳಿನಲ್ಲಿ ಧರ್ಮೇಂದ್ರ ಜೀಪಿನ ಹಿಂದಿನ ಬಾಗಿಲು ತೆರೆದಿದ್ದ. ಈ ಮನೆಯ ಅಂಗಳದ್ದೇ ತೆಂಗಿನಕಡ್ಡಿ ಪೊರಕೆಯಿಂದ ಸೀಟಿನಡಿಯ ಹುಲ್ಲನ್ನು ಒಂದೆಳೆಯೂ ಬಿಡದೆ ಗುಡಿಸುತ್ತಿದ್ದ. ತನುಜಾಳ ಮೊಬೈಲಿನಲ್ಲಿ ಹಣತೆಯ ಫೋಟೊ ಇತ್ತು, ನಾಣ್ಯದ ಫೋಟೊ ಇತ್ತು. ಅವು ಯಾವ ಗುಂಡಿಯಲ್ಲಿ, ಯಾವ ಮಣ್ಣಿನಡಿ ಸಿಕ್ಕವೆಂದು ಹೇಳಬಲ್ಲ ಸಾಕ್ಷಿ ಲೋಕದಲ್ಲಿ ಇವನೊಬ್ಬನೇ.

ಅವನು ಸೊಂಟ ನೇರ ಮಾಡಿಕೊಂಡು ತಲೆ ಎತ್ತಿದ. ಕಿಟಕಿಯಲ್ಲಿ ಅವಳನ್ನು ಕಂಡ. ಆ ಕಿಟಕಿ ಯಾವ ಕೋಣೆಯದೆಂದು ಅವನಿಗೆ ಗೊತ್ತಿತ್ತು.

ಇಬ್ಬರೂ ಕಣ್ಣು ಕದಲಿಸಲಿಲ್ಲ. ಆಮೇಲೆ ಅವನು ಪೊರಕೆಯನ್ನು ಗೋಡೆಗೆ ಒರಗಿಸಿ, ಅಂಗಿಯ ಜೇಬಿನ ಗುಂಡಿ ಬಿಚ್ಚಿ, ಒಳಗಿದ್ದ ಕವರನ್ನು ಎರಡು ಬೆರಳಲ್ಲಿ ಅರ್ಧ ಮೇಲೆತ್ತಿ ತೋರಿಸಿದ.

"ಬನ್ನಿ ಮೇಡಂ," ಎಂದು ಕೂಗಿದ, ಎಂದಿನ ನಗುವಿನಲ್ಲೇ. "ದಾರೀಲಿ ಮಾತಾಡೋಣ. ಷಡಕ್ಷರಪ್ಪನ ಹೆಂಡ್ತಿ ಕೋರ್ಟ್ ಹತ್ರ ಆಗಲೇ ಬಂದು ಕೂತಿದಾಳಂತೆ."